ಗಿರಾಕಿ ಬಂದಾಗ ಮಾತ್ರ ಬೀಳೋ ಕಂಪ್ಯೂಟರ್: ಮಾವನ ಜೆರಾಕ್ಸ್ ಅಂಗಡಿ ರಿಪೇರಿ ಲಾಗ್

ತಿಪಟೂರಲ್ಲಿ ನಮ್ಮ ಮಾವಂದು ಒಂದು ಜೆರಾಕ್ಸ್ ಅಂಗಡಿ ಇದೆ, ಟೈಪಿಂಗೂ ಮಾಡ್ತಾರೆ. ಪಹಣಿ, ಬಾಡಿಗೆ ಕರಾರು, ಲಗ್ನಪತ್ರಿಕೆ, ಕಾಲೇಜು ಹುಡುಗ್ರ ಪ್ರಾಜೆಕ್ಟ್ ರಿಪೋರ್ಟು, ಕೊಬ್ಬರಿ ಮಂಡಿಯವರ ಬಿಲ್ ಪುಸ್ತಕ, ಎಲ್ಲಾ ಒಂದೇ ಕಂಪ್ಯೂಟರಲ್ಲಿ ನಡೆಯತ್ತೆ. ಆ ಕಂಪ್ಯೂಟರು 2024ರ ಅಕ್ಟೋಬರ್ 16ರಿಂದ ದಿನಕ್ಕೆ ಐದಾರು ಸಲ ಬ್ಲೂ ಸ್ಕ್ರೀನ್ (ವಿಂಡೋಸ್ ಕೆಟ್ಟು ನಿಂತಾಗ ಬರೋ ನೀಲಿ ಪರದೆ) ತೋರ್ಸಿ ತಾನೇ ರೀಸ್ಟಾರ್ಟ್ ಆಗೋಕೆ ಶುರು ಮಾಡ್ತು. ಸರಿ ಮಾಡೋಕೆ ನಂಗೆ ಎರಡು ವೀಕೆಂಡು, ಒಂದು ರಜ, 2,180 ರೂಪಾಯಿ ಹಿಡೀತು. ಅದ್ರಲ್ಲಿ ನಿಜಕ್ಕೂ ಬೇಕಾಗಿದ್ದು 380 ರೂಪಾಯಿ ಅಷ್ಟೆ. ಮಿಕ್ಕಿದ್ದೆಲ್ಲ ನನ್ನ ದಡ್ಡತನದ ಬಾಬ್ತು.

ಮಷಿನ್ ವಿವರ: ಅಸೆಂಬಲ್ಡ್ ಡೆಸ್ಕ್‌ಟಾಪು, ನಾಲ್ಕನೇ ಜನರೇಶನ್ ಐ3, ಎಚ್81 ಬೋರ್ಡು, 4 ಜಿಬಿ ಡಿಡಿಆರ್3 ಎರಡು ಸ್ಟಿಕ್ಕು, 240 ಜಿಬಿ ಎಸ್‌ಎಸ್‌ಡಿ, ಡೇಟಾಗೆ ಅಂತ ಹಳೇ 500 ಜಿಬಿ ಹಾರ್ಡ್‌ಡಿಸ್ಕು. ವಿಂಡೋಸ್ 10. ಯುಪಿಎಸ್ ಇದೆ ಆದ್ರೆ ಬ್ಯಾಟರಿ ಸತ್ತು ಎರಡು ವರ್ಷ ಆಯ್ತು, ಈಗ ಅದು ಬರೀ ಎಕ್ಸ್‌ಟೆನ್ಶನ್ ಬೋರ್ಡು.

ಶುರುವಾಗಿದ್ದು ಹೇಗೆ

ಆಯುಧ ಪೂಜೆ ಹಿಂದಿನ ದಿನ, ಅಕ್ಟೋಬರ್ 10, ಅಂಗಡಿ ಕ್ಲೀನ್ ಮಾಡೋವಾಗ ಮಾವನ ಮಗ "ಕಂಪ್ಯೂಟರ್ ಒಳಗೂ ಕ್ಲೀನ್ ಮಾಡ್ತೀನಿ, ಸ್ಲೋ ಆಗಿದೆ" ಅಂತ ಕೂತು ಮುಕ್ಕಾಲು ಗಂಟೇಲಿ ಹನ್ನೊಂದು ಪ್ರೋಗ್ರಾಂ ಅನ್‌ಇನ್‌ಸ್ಟಾಲ್ ಮಾಡಿದ್ದಾನೆ. ದುಡ್ಡು ಕೊಟ್ಟು ತಗೊಂಡು ಅವಧಿ ಮುಗಿದಿದ್ದ ಒಂದು ಆಂಟಿವೈರಸ್, ಅದು ಮುಗೀತು ಅಂತ ಹಾಕಿದ್ದ ಇನ್ನೊಂದು ಫ್ರೀ ಆಂಟಿವೈರಸ್, ಒಂದು ಡ್ರೈವರ್ ಅಪ್‌ಡೇಟರ್ (ಡ್ರೈವರ್ ಅಂದ್ರೆ ವಿಂಡೋಸಿನ ಒಳಭಾಗದಲ್ಲಿ ಓಡೋ ಪುಟ್ಟ ಸಾಫ್ಟ್‌ವೇರು), ಒಂದು ಕ್ಲೀನರ್, ವರ್ಚುವಲ್ ಸಿಡಿ ಡ್ರೈವ್ ಸಾಫ್ಟ್‌ವೇರು, ಈಗ ಇಲ್ಲದೇ ಇರೋ ಪ್ರಿಂಟರ್‌ದು, ಹಳೇ ಇಂಟರ್ನೆಟ್ ಡಾಂಗಲ್‌ದು, ಹೀಗೆ. ಪ್ರತಿಯೊಂದೂ ಮುಗಿದ್ಮೇಲೆ "ರೀಸ್ಟಾರ್ಟ್ ಮಾಡ್ಲಾ" ಅಂತ ಕೇಳಿದೆ, ಇವನು ಪ್ರತಿ ಸಲಾನೂ "ಲೇಟರ್" ಒತ್ತಿದಾನೆ. ಕೊನೆಗೆ ಶಟ್‌ಡೌನ್ ಮಾಡಿ, ಕ್ಯಾಬಿನೆಟ್‌ಗೆ ಅರಿಶಿನ ಕುಂಕುಮ ಇಟ್ಟು, ಹೂ ಹಾಕಿ ಹೋಗಿದ್ದಾರೆ. ಹಬ್ಬ ಮುಗ್ಸಿ 14ನೇ ತಾರೀಕು ಸೋಮವಾರ ಅಂಗಡಿ ತೆಗ್ದಾಗ ಕಂಪ್ಯೂಟರ್ ಚೆನ್ನಾಗೇ ಓಡಿದೆ. ಮಂಗಳವಾರಾನೂ ಚೆನ್ನಾಗೇ ಇತ್ತು. ಅವತ್ತು ಸಂಜೆ ಮಳೆ ಬಂದು ಕೆಲಸ ಮಾಡ್ತಿರೋವಾಗ್ಲೇ ಕರೆಂಟ್ ಹೋಗಿದೆ. ಬುಧವಾರದಿಂದ ಈ ಕಾಟ.

ಈ ಕರೆಂಟ್ ಹೋಗಿದ್ದನ್ನ ನೆನಪಲ್ಲಿ ಇಟ್ಕೊಳ್ಳಿ, ನನ್ನನ್ನ ಒಂದು ವಾರ ದಾರಿ ತಪ್ಸಿದ್ದು ಅದೇ.

ಅಕ್ಟೋಬರ್ 19, ಶನಿವಾರ

ಬೆಂಗಳೂರಿಂದ ಬೆಳಗ್ಗೆ ಟ್ರೇನಿಗೆ ಹೊರಟು ಮಧ್ಯಾಹ್ನ ಅಂಗಡಿಗೆ ಬಂದೆ. ಮಾವ ಮೊದಲ್ನೇ ಮಾತೇ "ಫಾರ್ಮ್ಯಾಟ್ ಮಾತ್ರ ಮಾಡ್ಬೇಡ ಕಣೋ, ಹನ್ನೆರಡು ವರ್ಷದ ಲಗ್ನಪತ್ರಿಕೆ ಡಿಸೈನು ಅದ್ರಲ್ಲೈತೆ" ಅಂದ್ರು. ಡಿಸೈನ್ ಬೇಕಾದ್ರೆ ಕಾಪಿ ಮಾಡ್ಕೋಬೋದು, ಆದ್ರೆ ಆ ಹಳೇ ಕೋರೆಲ್‌ಡ್ರಾ, ಅದಕ್ಕೆ ಸರಿಯಾಗಿ ಹೊಂದ್ಕೊಂಡಿರೋ ನುಡಿ ಫಾಂಟುಗಳು, ಡಿಜಿಟಲ್ ಸಿಗ್ನೇಚರ್ ಟೋಕನ್ನು, ಬೆರಳಚ್ಚು ಮಷಿನ್‌ದು ಡ್ರೈವರು, ಇಷ್ಟನ್ನೂ ಮತ್ತೆ ಕೂರ್ಸೋದು ನಂಗೂ ಬೇಡವಾಗಿತ್ತು. ಒಪ್ಕೊಂಡೆ.

"ಏನ್ ಮಾಡಿದ್ರಿ ಇತ್ತೀಚೆಗೆ" ಅಂತ ಕೇಳ್ದೆ. ಅನ್‌ಇನ್‌ಸ್ಟಾಲ್ ವಿಷಯ ಹೇಳಿದ್ರು, ಜೊತೆಗೇ "ಅದಾಗಿ ಎರಡು ದಿನ ಚೆನ್ನಾಗೇ ಓಡ್ತಲ್ಲ, ಕರೆಂಟ್ ಹೋದ್ಮೇಲೇ ಹಿಂಗಾಗಿದ್ದು" ಅಂದ್ರು. ನಾನೂ ತಲೆ ಆಡ್ಸಿಬಿಟ್ಟೆ. ಕರೆಂಟ್, ಯುಪಿಎಸ್ ಇಲ್ಲ, ಹಳೇ ಎಸ್‌ಎಂಪಿಎಸ್ಸು (ಕ್ಯಾಬಿನೆಟ್ ಒಳಗೆ ಕರೆಂಟ್ ಹಂಚೋ ಡಬ್ಬ), ಇನ್ನೇನು ಬೇಕು.

ಮಾಡಿದ ಕೆಲಸ ಇಷ್ಟು.

1. ಡಿ ಡ್ರೈವಿಂದ ಡಿಸೈನು, ಕರಾರು ಪತ್ರ, ಫಾಂಟ್ ಫೋಲ್ಡರು, ಒಟ್ಟು 61 ಜಿಬಿ ನನ್ನ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕಿಗೆ ಕಾಪಿ. ಈ ಡಿಸ್ಕ್ ಚುಚ್ಚಿದಾಗ ಏನೂ ಆಗ್ಲಿಲ್ಲ, ಕಾಪಿ ಮುಗ್ಸಿ ಕೇಬಲ್ ಎಳೆದಾಗ ಬ್ಲೂ ಸ್ಕ್ರೀನ್ ಬಂತು. ನಾನು ಅದನ್ನ ನೋಡಿ "ನೋಡಿ, ಲೋಡ್ ಜಾಸ್ತಿ ಆದ್ರೆ ಬೀಳ್ತಿದೆ, ಎಸ್‌ಎಂಪಿಎಸ್ಸೇ" ಅಂದೆ. ಕಣ್ಣೆದುರಿಗೇ ಉತ್ತರ ಇತ್ತು, ನಂಗೆ ಕಾಣ್ಲಿಲ್ಲ.

2. ರ್‍ಯಾಮ್ ಎರಡೂ ತೆಗ್ದು ಕಾಂಟ್ಯಾಕ್ಟ್ ಮೇಲೆ ಪೆನ್ಸಿಲ್ ರಬ್ಬರ್ ಉಜ್ಜಿ, ಬ್ರಶ್ಶಲ್ಲಿ ಸ್ಲಾಟ್ ಒರೆಸಿ ಹಾಕ್ದೆ. ಕ್ಯಾಬಿನೆಟ್ ಒಳಗೆ ಫ್ಯಾನ್ ಜಾಲರಿ ಹತ್ರ ಕುಂಕುಮದ ಪುಡಿ ಒಂದು ಗೆರೆ ಎಳ್ದಂಗೆ ಕೂತಿತ್ತು. ಬ್ಲೋವರ್ ಹಿಡ್ದೆ.

3. ಹೊಸ ಎಸ್‌ಎಂಪಿಎಸ್, 450 ವ್ಯಾಟು, ಊರಲ್ಲೇ ತಗೊಂಡೆ, 1,250 ರೂಪಾಯಿ. ಹಾಕೋಕೆ ಅರ್ಧ ಗಂಟೆ.

4. ರಾತ್ರಿ ರ್‍ಯಾಮ್ ಪರೀಕ್ಷೆ ಮಾಡೋ ಮೆಮ್‌ಟೆಸ್ಟ್86 ಹಚ್ಚಿ ಮಲಗೋಕೆ ಹೋದೆ. ಬೆಳಗ್ಗೆ ನೋಡಿದ್ರೆ ನಾಲ್ಕು ಪಾಸೂ ಮುಗ್ದು ಎರರ್ ಸೊನ್ನೆ.

ಮಿನಿಡಂಪ್ ಫೋಲ್ಡರೂ ನೋಡಿದ್ದೆ. ಸಿ ಡ್ರೈವಲ್ಲಿ ವಿಂಡೋಸ್ ಒಳಗೆ ಇರತ್ತಲ್ಲ, ಬ್ಲೂ ಸ್ಕ್ರೀನ್ ಬಂದಾಗ ಯಾವ ಡ್ರೈವರ್ ಕಾಲಲ್ಲಿ ಬಿತ್ತು ಅಂತ ಬರೆದಿಡೋ ಜಾಗ. ಖಾಲಿ. ಇಷ್ಟು ಸಲ ಬಿದ್ದಿದೆ, ಒಂದೂ ಫೈಲ್ ಇಲ್ಲ. "ಕರೆಂಟ್ ಕಟ್ ಆದಂಗೆ ಆಗ್ತಿದೆ, ಅದಕ್ಕೇ ಬರೆಯೋಕೆ ಟೈಮ್ ಸಿಕ್ಕಿಲ್ಲ" ಅಂತ ನಂಗೆ ನಾನೇ ಸಮಾಧಾನ ಹೇಳ್ಕೊಂಡೆ. ಕರೆಂಟ್ ಕಟ್ ಆದ್ರೆ ಬ್ಲೂ ಸ್ಕ್ರೀನೇ ಬರಲ್ಲ, ಪರದೆ ಕಪ್ಪಾಗತ್ತೆ. ಅಷ್ಟೂ ಯೋಚನೆ ಮಾಡ್ಲಿಲ್ಲ.

ಅಕ್ಟೋಬರ್ 20, ಭಾನುವಾರ

ಅಂಗಡಿಗೆ ರಜ. ಡಿಐಎಸ್‌ಎಂ ರಿಸ್ಟೋರ್‌ಹೆಲ್ತ್ ಓಡ್ಸಿದೆ, ಆಮೇಲೆ ಎಸ್‌ಎಫ್‌ಸಿ ಸ್ಕ್ಯಾನ್‌ನೌ, ಎರಡೂ ವಿಂಡೋಸಿನ ಕೆಟ್ಟ ಫೈಲ್ ಸರಿ ಮಾಡೋ ಕಮಾಂಡು. ಎರಡನೇದು ಏನೋ ಒಂದೆರಡು ಫೈಲ್ ಸರಿ ಮಾಡ್ದೆ ಅಂತು. ಡಿಸ್ಕಿನ ಆರೋಗ್ಯ ತೋರ್ಸೋ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಎರಡೂ ಡಿಸ್ಕು ಗುಡ್ ಅಂತ ನೀಲಿ ಬಣ್ಣ. ಬೆಳಗ್ಗೆ ಹತ್ತರಿಂದ ಸಂಜೆ ಐದರ ತನಕ ಯೂಟ್ಯೂಬ್ ಹಾಕಿ, ಪಕ್ಕದಲ್ಲಿ ಕೋರೆಲ್ ತೆಗ್ದು, ನೂರು ಪೇಜ್ ಪ್ರಿಂಟ್ ಕೊಟ್ಟು ನೋಡ್ದೆ. ಒಂದು ಸಲಾನೂ ಬೀಳ್ಲಿಲ್ಲ.

"ಆಯ್ತು ಮಾವ, ಎಸ್‌ಎಂಪಿಎಸ್ಸೇ ಆಗಿತ್ತು" ಅಂತ ಎದೆ ಉಬ್ಬಿಸ್ಕೊಂಡು ಬೆಂಗಳೂರಿಗೆ ಬಂದೆ.

ಸೋಮವಾರ ಹನ್ನೊಂದು ಗಂಟೆಗೆ ಫೋನು. "ಬಂದು ಒಂದ್ ಗಂಟೇಲಿ ಎರಡು ಸಲ ಬಿತ್ತು ಕಣೋ." ಸಂಜೆ ಹೊತ್ತಿಗೆ ಲೆಕ್ಕ ಆರು. ಊರಲ್ಲಿ ಸರ್ವಿಸ್ ಮಾಡೋ ಒಬ್ರನ್ನ ಕರ್ಸಿದ್ರಂತೆ, ಅವ್ರು ಕೂರೋಕೂ ಮುಂಚೆ ಫಾರ್ಮ್ಯಾಟ್ ಅಂದ್ರಂತೆ, ಮಾವ ಟೀ ಕುಡ್ಸಿ ಕಳ್ಸಿದ್ರಂತೆ. ಆ ವಾರ ಎಸ್‌ಪಿ ರೋಡಿಗೆ ಹೋಗಿ ಸೆಕೆಂಡ್‌ಹ್ಯಾಂಡ್ 4 ಜಿಬಿ ಡಿಡಿಆರ್3 ಒಂದು 550ಕ್ಕೆ ತಂದೆ. ಮೆಮ್‌ಟೆಸ್ಟ್ ಎರರ್ ಸೊನ್ನೆ ಅಂದ್ಮೇಲೂ ರ್‍ಯಾಮ್ ಯಾಕೆ ತಂದೆ ಅಂತ ಕೇಳ್ಬೇಡಿ, ಕೈಯಲ್ಲಿ ಏನಾದ್ರೂ ಹಿಡ್ಕೊಂಡು ಹೋಗ್ಬೇಕಿತ್ತು.

ಅಕ್ಟೋಬರ್ 26, ಶನಿವಾರ, ಬೆಳಗ್ಗೆ

ಈ ಸಲ ಸ್ಕ್ರೂಡ್ರೈವರ್ ಮುಟ್ಟದೆ ಅಂಗಡೀಲಿ ಸುಮ್ನೆ ಕೂತೆ. ಬಿಲ್ ಪುಸ್ತಕದ ಹಿಂದೆ ಯಾವಾಗ ಬಿತ್ತು, ಆಗ ಏನ್ ನಡೀತಿತ್ತು ಅಂತ ಬರ್ಕೊಳ್ತಾ ಹೋದೆ.

10:40, ಬಿಎಡ್ ಹುಡುಗಿ, ಅಂಕಪಟ್ಟಿ ಪ್ರಿಂಟು.
11:25, ಪ್ರಾಜೆಕ್ಟ್ ರಿಪೋರ್ಟು, 64 ಪೇಜು, ಪ್ರಿಂಟೆಲ್ಲ ಬಂದ್ಮೇಲೆ ಬಿತ್ತು.
11:30ರಿಂದ 12:30, ಮಂಡಿಯವರ ಬಿಲ್ಲು, ಪಹಣಿ ನಾಲ್ಕು, ಆಧಾರ್ ಪ್ರಿಂಟು, ಏನೂ ಆಗ್ಲಿಲ್ಲ.
12:35, ಇನ್ನೊಬ್ಬ ಕಾಲೇಜು ಹುಡುಗ.

ಅಂಗಡಿ ಹುಡುಗ ನನ್ನ ಭುಜದ ಮೇಲಿಂದ ಬಗ್ಗಿ ಆ ಪಟ್ಟಿ ನೋಡಿ "ಅಣ್ಣ, ವಾಟ್ಸಾಪಲ್ಲಿ ಕಳ್ಸೋರಿಗೆ ಏನೂ ಆಗಲ್ಲ, ಪೆನ್‌ಡ್ರೈವ್ ತರೋರಿಗೇ ಆಗೋದು" ಅಂದ. ಅವನಿಗೆ ಒಂದು ವಾರದಿಂದ ಗೊತ್ತಂತೆ. ಯಾರೂ ಕೇಳಿಲ್ಲ ಅಂತ ಹೇಳಿಲ್ಲ.

ಪರೀಕ್ಷೆ ಮಾಡಿದ್ವಿ. ಒಂದು ಪೆನ್‌ಡ್ರೈವ್ ತಗೊಂಡು ಚುಚ್ಚೋದು, ಫೈಲ್ ತೆಗ್ಯೋದು, ಎಳ್ಯೋದು. ಮೊದಲ್ನೇದು ಏನೂ ಇಲ್ಲ, ಎರಡ್ನೇದು ಏನೂ ಇಲ್ಲ, ಮೂರ್ನೇ ಸಲ ಎಳ್ದ ತಕ್ಷಣ ಬ್ಲೂ ಸ್ಕ್ರೀನು. ಮತ್ತೆ ಮಾಡಿದ್ವಿ, ಐದನೇ ಸಲಕ್ಕೆ ಬಿತ್ತು. ಮತ್ತೆ, ಎರಡನೇ ಸಲಕ್ಕೆ. ಭಾನುವಾರ ಏಳು ಗಂಟೆ ಕೂತಾಗ ಯಾಕೆ ಬೀಳ್ಲಿಲ್ಲ ಅಂದ್ರೆ ಅವತ್ತು ಒಬ್ಬ ಗಿರಾಕಿನೂ ಬಂದಿರ್ಲಿಲ್ಲ, ಯುಎಸ್‌ಬಿಗೆ ಯಾರೂ ಏನೂ ಚುಚ್ಚಿರ್ಲಿಲ್ಲ.

ಮಧ್ಯಾಹ್ನ: ಡಂಪ್ ಯಾಕಿಲ್ಲ

ಊಟ ಮಾಡ್ಕೊಂಡು ಬಂದು ಮಿನಿಡಂಪ್ ಖಾಲಿ ಇರೋ ವಿಷಯ ಹಿಡ್ದೆ. ಸಿಸ್ಟಮ್ ಪ್ರಾಪರ್ಟೀಸ್, ಅಡ್ವಾನ್ಸ್ಡ್, ಪರ್ಫಾರ್ಮೆನ್ಸ್ ಸೆಟ್ಟಿಂಗ್ಸ್ ಒಳಗೆ ಹೋದ್ರೆ ಪೇಜ್‌ಫೈಲ್ (ರ್‍ಯಾಮ್ ಸಾಲದಾದಾಗ ವಿಂಡೋಸ್ ಡಿಸ್ಕಲ್ಲಿ ಬಳಸೋ ಫೈಲು) ಸಿ ಡ್ರೈವಲ್ಲಿ "ನನ್", ಅಂದ್ರೆ ಇಲ್ಲ, ಡಿ ಡ್ರೈವಲ್ಲಿ 8 ಜಿಬಿ. ಎಸ್‌ಎಸ್‌ಡಿ ಬೇಗ ಸವೆದುಹೋಗತ್ತೆ ಅಂತ ಯಾರೋ ಹೇಳಿದ್ ಕೇಳಿ ಅಲ್ಲಿಗೆ ಹಾಕಿದ್ದು, ಯಾರು ಅಂದ್ರೆ ನಾನೇ, 2021ರಲ್ಲಿ. ಬಿದ್ದಾಗ ವಿಂಡೋಸ್ ಮೊದ್ಲು ಬರ್ಕೊಳ್ಳೋದು ಸಿ ಡ್ರೈವಿನ ಪೇಜ್‌ಫೈಲಿಗೆ, ಆಮೇಲೆ ಬೂಟ್ ಆದಾಗ ಅಲ್ಲಿಂದ ಡಂಪ್ ಫೈಲ್ ಮಾಡತ್ತೆ. ಸಿ ಡ್ರೈವಲ್ಲಿ ಪೇಜ್‌ಫೈಲೇ ಇಲ್ಲ ಅಂದ್ರೆ ಡಂಪ್ ಎಲ್ಲಿಂದ ಬರ್ಬೇಕು.

ಸಿ ಡ್ರೈವಿಗೆ "ಸಿಸ್ಟಮ್ ಮ್ಯಾನೇಜ್ಡ್" ಹಾಕ್ದೆ. ಸ್ಟಾರ್ಟಪ್ ಅಂಡ್ ರಿಕವರಿಯಲ್ಲಿ "ಸ್ಮಾಲ್ ಮೆಮೊರಿ ಡಂಪ್" ಆರಿಸ್ದೆ, "ಆಟೊಮ್ಯಾಟಿಕಲಿ ರೀಸ್ಟಾರ್ಟ್" ಟಿಕ್ ತೆಗ್ದೆ, ಹಿಂಗ್ ಮಾಡಿದ್ರೆ ಬ್ಲೂ ಸ್ಕ್ರೀನು ಅಲ್ಲೇ ನಿಲ್ಲತ್ತೆ, ಕೋಡ್ ಓದ್ಕೋಬೋದು. ರೀಸ್ಟಾರ್ಟ್, ಪೆನ್‌ಡ್ರೈವ್ ಚುಚ್ಚು, ಎಳಿ, ಚುಚ್ಚು, ಎಳಿ, ಬಿತ್ತು. ಡ್ರೈವರ್ ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್, ಕೋಡ್ ಡಿ1. ಈ ಸಲ ಫೋಲ್ಡರಲ್ಲಿ ಫೈಲು ಬಂದಿತ್ತು. ಡಂಪ್ ಓದೋ ಬ್ಲೂಸ್ಕ್ರೀನ್‌ವ್ಯೂ ಅನ್ನೋ ಟೂಲ್ ಹಾಕಿ ತೆಗ್ದೆ, ಗುಲಾಬಿ ಬಣ್ಣದಲ್ಲಿ ಒಂದು ಸಿಸ್ ಫೈಲಿನ (ಡ್ರೈವರ್ ಇರೋ ಫೈಲು) ಹೆಸ್ರು. ಫೈಲಿನ ಪ್ರಾಪರ್ಟೀಸ್ ನೋಡಿದ್ರೆ ಹತ್ತನೇ ತಾರೀಕು ತೆಗ್ದು ಹಾಕಿದ್ದ ಆ ದುಡ್ಡಿನ ಆಂಟಿವೈರಸ್ ಕಂಪನಿದು. ಕಂಪನಿ ಹೆಸ್ರು ಬೇಡ. ಪೆನ್‌ಡ್ರೈವ್ ಮೇಲೆ ಕಣ್ಣಿಡೋಕೆ ಅಂತ ಹಾಕಿದ್ದ ಡ್ರೈವರು. ಮನೆ ಖಾಲಿ ಮಾಡಿ ಹೋದ್ರೂ ವಾಚ್‌ಮನ್ ಮಾತ್ರ ಗೇಟಲ್ಲೇ ಇದ್ದ.

ರಿಲಯಬಿಲಿಟಿ ಮಾನಿಟರ್ ತೆಗ್ದು ನೋಡ್ದೆ, ಇದನ್ನ ಮೊದಲ್ನೇ ದಿನಾನೇ ನೋಡ್ಬೇಕಿತ್ತು. ಯಾವ ತಾರೀಕು ಏನು ತೆಗ್ದ್ರಿ, ಯಾವಾಗ ಬಿತ್ತು ಅಂತ ದಿನದ ಪ್ರಕಾರ ಪಟ್ಟಿ ಇರತ್ತೆ. ಹತ್ತಕ್ಕೆ ಹನ್ನೊಂದು ಅನ್‌ಇನ್‌ಸ್ಟಾಲು. ಹದಿನೈದಕ್ಕೆ "ವಿಂಡೋಸ್ ಸರಿಯಾಗಿ ಶಟ್‌ಡೌನ್ ಆಗ್ಲಿಲ್ಲ". ಹದಿನಾರರಿಂದ ಸಾಲಾಗಿ ಕೆಂಪು ಗುರುತು.

ಆ ಎರಡು ದಿನ ಯಾಕೆ ಚೆನ್ನಾಗಿತ್ತು ಅನ್ನೋದು ಆಗ ಹೊಳೀತು. ಫಾಸ್ಟ್ ಸ್ಟಾರ್ಟಪ್ ಆನ್ ಇದ್ರೆ ಶಟ್‌ಡೌನ್ ಅಂದ್ರೆ ಪೂರ್ತಿ ಶಟ್‌ಡೌನ್ ಅಲ್ಲ, ವಿಂಡೋಸಿನ ಒಳಭಾಗ ಹಂಗೇ ಡಿಸ್ಕಿಗೆ ಬರೆದಿಟ್ಟು ಬೆಳಗ್ಗೆ ವಾಪಸ್ ಎತ್ಕೊಳ್ಳತ್ತೆ. "ಮುಂದಿನ ರೀಸ್ಟಾರ್ಟಲ್ಲಿ ಅಳಿಸಿ" ಅಂತ ಬಾಕಿ ಇರೋ ಫೈಲುಗಳು ಹಂಗೇ ಉಳ್ಕೊಳ್ಳತ್ವೆ. ಕರೆಂಟ್ ಹೋಗಿ ಮಾರನೇ ದಿನ ಮೊದಲಿಂದ ಬೂಟ್ ಆದಾಗ ಆ ಬಾಕಿ ಕೆಲಸ ನಡೆದು ಆಂಟಿವೈರಸ್ಸಿನ ಮಿಕ್ಕ ಭಾಗ ಹೋಯ್ತು, ಈ ಒಂದು ಡ್ರೈವರ್ ಉಳೀತು. ಅಂದ್ರೆ ಮಾವ ಹೇಳಿದ್ದೂ ಸುಳ್ಳಲ್ಲ, ಕರೆಂಟ್ ಹೋದ್ಮೇಲೇ ಶುರುವಾಗಿದ್ದು, ಆದ್ರೆ ಕರೆಂಟಿನ ತಪ್ಪಲ್ಲ.

ಸಂಜೆ: ದೊಡ್ಡ ತಪ್ಪು

ಅಡ್ಮಿನ್ ಕಮಾಂಡ್ ಪ್ರಾಂಪ್ಟಲ್ಲಿ ಎಫ್‌ಎಲ್‌ಟಿಎಂಸಿ ಅಂತ ಹೊಡ್ದೆ. ಫೈಲುಗಳ ಮಧ್ಯೆ ಕೂತು ಇಣುಕೋ ಫಿಲ್ಟರ್‌ಗಳ ಪಟ್ಟಿ ಬರತ್ತೆ, ಪ್ರತಿಯೊಂದಕ್ಕೂ ಆಲ್ಟಿಟ್ಯೂಡ್ ಅಂತ ಒಂದು ನಂಬರು. ಆಂಟಿವೈರಸ್‌ಗಳಿಗೆ ಅಂತ ಇಟ್ಟಿರೋದು 320000 ರಿಂದ 329998. ವಿಂಡೋಸ್ ಡಿಫೆಂಡರ್‌ದು 328010, ಅದು ಇರ್ಬೇಕಾದ್ದೇ. ಅದರ ಜೊತೆ ಅದೇ ಲೆಕ್ಕದಲ್ಲಿ ಇನ್ನೊಂದು ಓಡ್ತಾ ಇತ್ತು, ಅದೂ ಅದೇ ಹಳೇ ಕಂಪನಿದು. ಅಂದ್ರೆ ಉಳಿದಿದ್ದು ಒಂದಲ್ಲ, ಎರಡು.

ಕಂಪನಿಯವರದೇ ರಿಮೂವಲ್ ಟೂಲ್ ಇರತ್ತೆ, ಅದನ್ನ ಇಳಿಸ್ಕೊಂಡು ಸೇಫ್ ಮೋಡಲ್ಲಿ (ಅಗತ್ಯ ಡ್ರೈವರ್ ಮಾತ್ರ ಇಟ್ಕೊಂಡು ಬೂಟ್ ಆಗೋದು) ಓಡ್ಸಿದೆ. "ಪ್ರಾಡಕ್ಟ್ ಸಿಗ್ಲಿಲ್ಲ" ಅಂತ ಮುಚ್ಕೊಳ್ತು. ಅದೇ ಆಂಟಿವೈರಸ್ಸನ್ನ ಮತ್ತೆ ಇನ್‌ಸ್ಟಾಲ್ ಮಾಡಿ ಸರಿಯಾಗಿ ತೆಗಿಯೋಣ ಅಂದ್ರೆ ಅಷ್ಟು ಹಳೇ ವರ್ಶನ್ನಿನ ಸೆಟಪ್ ಫೈಲ್ ಎಲ್ಲೂ ಸಿಗ್ಲಿಲ್ಲ. ಕಂಪ್ಯೂಟರನ್ನ ಹಿಂದಿನ ಸ್ಥಿತಿಗೆ ಒಯ್ಯೋ ಸಿಸ್ಟಮ್ ರಿಸ್ಟೋರ್ ನೋಡಿದ್ರೆ ಆಫ್. ಏಳು ಗಂಟೆ ಆಗಿತ್ತು, ಮಾವ ಶಟರ್ ಅರ್ಧ ಎಳ್ದಿದ್ರು, ಸೊಳ್ಳೆ ಬೇರೆ.

ಅದೇ ವರ್ಷ ಜುಲೈ 19 ನೆನಪಿರ್ಬೋದು, ಒಂದು ಸೆಕ್ಯೂರಿಟಿ ಕಂಪನಿ ಅಪ್‌ಡೇಟಿಂದ ಪ್ರಪಂಚದಲ್ಲಿ ಸುಮಾರು 85 ಲಕ್ಷ ವಿಂಡೋಸ್ ಮಷಿನ್ ನೀಲಿ ಆಗಿದ್ದು. ನಮ್ಮ ಆಫೀಸಲ್ಲೂ ಅವತ್ತು ಸೇಫ್ ಮೋಡಿಗೆ ಹೋಗೋದು, ಒಂದು ಸಿಸ್ ಫೈಲ್ ಡಿಲೀಟ್ ಮಾಡೋದು, ರೀಸ್ಟಾರ್ಟ್, ಸರಿ. ನಾನೇ ಕೈಯಾರೆ ನಲವತ್ತು ಮಷಿನ್ ಮಾಡಿದ್ದೆ. ಆ ಕೈ ರೂಢಿ ಇಲ್ಲಿ ಕೆಲಸ ಕೆಡ್ಸಿತು. ಅವತ್ತಿನ ಆ ಫೈಲಿಗೆ ಕೊನೇಲಿ ಸಿಸ್ ಅಂತ ಇತ್ತೇ ಹೊರ್ತು ಅದು ಡ್ರೈವರ್ ಅಲ್ಲ, ಡ್ರೈವರ್ ಓದ್ಕೊಳ್ಳೋ ಡೇಟಾ ಫೈಲು. ಇದು ನಿಜವಾದ ಡ್ರೈವರು. ನಾನು ವ್ಯತ್ಯಾಸ ನೋಡ್ಲಿಲ್ಲ. ಸಿಸ್ಟಮ್32 ಒಳಗೆ ಡ್ರೈವರ್ಸ್ ಫೋಲ್ಡರಿಗೆ ಹೋಗಿ ಡಂಪಲ್ಲಿ ಕಂಡಿದ್ದ ಆ ಪೆನ್‌ಡ್ರೈವ್ ಡ್ರೈವರ್ ಫೈಲ್ ಮೇಲೆ ಶಿಫ್ಟ್ ಡಿಲೀಟ್ (ರಿಸೈಕಲ್ ಬಿನ್ನಿಗೂ ಹೋಗಲ್ಲ) ಒತ್ತಿ ರೀಸ್ಟಾರ್ಟ್ ಕೊಟ್ಟೆ.

ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್. ಕೋಡ್ 7ಬಿ. ಮತ್ತೆ ಬೂಟು, ಮತ್ತೆ ಅದೇ. ಆಮೇಲೆ "ಪ್ರಿಪೇರಿಂಗ್ ಆಟೊಮ್ಯಾಟಿಕ್ ರಿಪೇರ್", ಹತ್ತು ನಿಮಿಷ ಸುತ್ತಿ "ರಿಪೇರಿ ಆಗ್ಲಿಲ್ಲ". ಮೊದ್ಲು ದಿನಕ್ಕೆ ಆರು ಸಲ ಬೀಳ್ತಿದ್ದ ಕಂಪ್ಯೂಟರ್ ಈಗ ಏಳ್ತಾನೇ ಇಲ್ಲ. ಮಾವ ಏನೂ ಅನ್ಲಿಲ್ಲ, ಶಟರ್ ಪೂರ್ತಿ ಎಳ್ದು "ನಡಿ, ಊಟ ಮಾಡು" ಅಂದ್ರು. ಬೈದಿದ್ರೆ ವಾಸಿ ಇತ್ತು.

ಡಿಲೀಟ್ ಬದ್ಲು ಹೆಸ್ರು ಬದಲಾಯ್ಸಿದ್ರೆ, ಕೊನೇಲಿ ಓಲ್ಡ್ ಅಂತ ಸೇರ್ಸಿದ್ರೆ, ಎರಡು ನಿಮಿಷದ ಕೆಲಸ ಆಗ್ತಿತ್ತು, ವಾಪಸ್ ಹಳೇ ಹೆಸ್ರು ಇಟ್ಟು ಬೂಟ್ ಮಾಡ್ಬೋದಿತ್ತು. ಶಿಫ್ಟ್ ಡಿಲೀಟು ನನ್ನ ಕೆಟ್ಟ ಚಾಳಿ.

ಅಕ್ಟೋಬರ್ 27, ಭಾನುವಾರ

ರಾತ್ರಿ ನಿದ್ದೆ ಬರ್ಲಿಲ್ಲ, ಮೊಬೈಲಲ್ಲಿ ಓದ್ತಾ ಇದ್ದೆ. ಅರ್ಥ ಆಗಿದ್ದಿಷ್ಟು: ವಿಂಡೋಸ್ ತನ್ನ ಸೆಟ್ಟಿಂಗೆಲ್ಲ ಬರೆದಿಡೋ ರಿಜಿಸ್ಟ್ರಿಯಲ್ಲಿ ಡಿಸ್ಕ್ ಅನ್ನೋ ಜಾತಿಗೇ ಒಂದು ಕೀ ಇದೆ, ಅದರೊಳಗೆ ಅಪ್ಪರ್‌ಫಿಲ್ಟರ್ಸ್ ಅಂತ ಒಂದು ಪಟ್ಟಿ. ಪಟ್ಟೀಲಿ ಹೆಸ್ರು ಇರೋ ಡ್ರೈವರೆಲ್ಲ ಪ್ರತಿ ಡಿಸ್ಕಿನ ಜೊತೆಗೂ ಕೂತ್ಕೊಳ್ಳತ್ತೆ. ವಿಂಡೋಸಿಗೆ ಪೆನ್‌ಡ್ರೈವೂ ಡಿಸ್ಕೇ, ಎಸ್‌ಎಸ್‌ಡಿನೂ ಡಿಸ್ಕೇ. ಅದಕ್ಕೇ ಪೆನ್‌ಡ್ರೈವ್ ಎಳ್ದಾಗ ಬೀಳ್ತಿತ್ತು. ಪಟ್ಟೀಲಿ ಹೆಸ್ರಿದ್ದು ಫೈಲ್ ಮಾತ್ರ ಇಲ್ಲ ಅಂದ್ರೆ ಬೂಟ್ ಆಗೋ ಡಿಸ್ಕೇ ಕೆಲಸ ಶುರು ಮಾಡಲ್ಲ. ನಾನು ಮಾಡಿದ್ದು ಅದನ್ನೇ. ಮೊದ್ಲು ಪಟ್ಟಿಯಿಂದ ಹೆಸ್ರು ಅಳಿಸ್ಬೇಕು, ಆಮೇಲೆ ಫೈಲ್ ತೆಗೀಬೇಕು. ನಾನು ತಿರುಗಾಮುರುಗಾ ಮಾಡಿದ್ದೆ.

1. 16 ಜಿಬಿ ಪೆನ್‌ಡ್ರೈವು, 380 ರೂಪಾಯಿ. ನನ್ನ ಲ್ಯಾಪ್‌ಟಾಪಲ್ಲಿ ಮೀಡಿಯಾ ಕ್ರಿಯೇಶನ್ ಟೂಲ್ ಹಾಕಿ ವಿಂಡೋಸ್ 10 ಬೂಟ್ ಪೆನ್‌ಡ್ರೈವ್ ಮಾಡ್ದೆ. 8 ಜಿಬಿದೇ ಸಾಕು, ಅಂಗಡೀಲಿ ಇದ್ದಿದ್ದು ಇದು. ಮೊಬೈಲ್ ಹಾಟ್‌ಸ್ಪಾಟಲ್ಲಿ ಇಳ್ಸೋಕೆ ಎರಡೂವರೆ ಗಂಟೆ.

2. ಅದ್ರಿಂದ ಬೂಟ್ ಮಾಡಿ, ಭಾಷೆ ಕೇಳೋ ಪರದೇಲಿ ಶಿಫ್ಟ್ ಎಫ್10. ಕಪ್ಪು ಕಿಟಕಿ ಬರತ್ತೆ. ಅಲ್ಲಿ ರೆಜ್‌ಎಡಿಟ್ ಅಂತ ಹೊಡ್ದೆ, ರಿಜಿಸ್ಟ್ರಿ ತಿದ್ದೋ ಟೂಲು.

3. ಸೀದಾ ಆ ಡಿಸ್ಕ್ ಕೀಗೆ ಹೋಗಿ ನೋಡ್ದೆ, ಪಟ್ಟೀಲಿ ಆಂಟಿವೈರಸ್ ಹೆಸ್ರೇ ಇಲ್ಲ! ಇಪ್ಪತ್ತು ನಿಮಿಷ ತಲೆ ಕೆರ್ಕೊಂಡೆ. ನಾನು ನೋಡ್ತಾ ಇದ್ದಿದ್ದು ಪೆನ್‌ಡ್ರೈವಲ್ಲಿ ಓಡ್ತಿರೋ ವಿಂಡೋಸಿನ ರಿಜಿಸ್ಟ್ರಿ, ಮಾವನ ಕಂಪ್ಯೂಟರಿಂದಲ್ಲ. ಮಾವಂದು ನೋಡೋಕೆ ಎಚ್‌ಕೀ ಲೋಕಲ್ ಮಷಿನ್ ಮೇಲೆ ಕ್ಲಿಕ್ ಮಾಡಿ, ಫೈಲ್ ಮೆನುವಲ್ಲಿ ಲೋಡ್ ಹೈವ್ ಒತ್ತಿ, ಡಿಸ್ಕಲ್ಲಿ ವಿಂಡೋಸ್, ಸಿಸ್ಟಮ್32, ಕಾನ್ಫಿಗ್ ಒಳಗಿರೋ ಸಿಸ್ಟಮ್ ಅನ್ನೋ ಫೈಲ್ ಆರಿಸ್ಬೇಕು. ಅಲ್ಲಿ ಡ್ರೈವ್ ಅಕ್ಷರಾನೂ ಬೇರೆ ಆಗಿರತ್ತೆ, ಸಿ ಇದ್ದಿದ್ದು ಡಿ ಅಂತ ತೋರಿಸ್ತು.

4. ಆರ್ಸೋಕೂ ಮುಂಚೆ ಆ ಸಿಸ್ಟಮ್ ಫೈಲನ್ನ ಪೆನ್‌ಡ್ರೈವಿಗೆ ಕಾಪಿ ಮಾಡಿಟ್ಟೆ. ಈ ಬುದ್ಧಿ ಹಿಂದಿನ ದಿನ ಬಂದಿದ್ರೆ. ರೆಜ್‌ಬ್ಯಾಕ್ ಫೋಲ್ಡರಲ್ಲಿ ವಿಂಡೋಸೇ ಇಟ್ಟಿರೋ ಹಳೇ ಕಾಪಿ ಇರತ್ತೆ ಅಂತ ನೋಡ್ದೆ, ಎಲ್ಲಾ ಫೈಲೂ 0 ಕೆಬಿ. ವಿಂಡೋಸ್ 10ರ 1803 ವರ್ಶನ್ ಇಂದ ಆ ಬ್ಯಾಕಪ್ ತಾನಾಗೇ ಆಗಲ್ಲ.

5. ಲೋಡ್ ಮಾಡುವಾಗ ಹೆಸ್ರು ಕೇಳತ್ತೆ, "ಮಾವ" ಅಂತ ಇಂಗ್ಲಿಷ್ ಅಕ್ಷರದಲ್ಲಿ ಕೊಟ್ಟೆ. ಹೀಗೆ ತೆಗ್ದಾಗ ಕರೆಂಟ್‌ಕಂಟ್ರೋಲ್‌ಸೆಟ್ ಅನ್ನೋ ಕೀ ಇರಲ್ಲ. ಸೆಲೆಕ್ಟ್ ಅನ್ನೋ ಕೀಯಲ್ಲಿ "ಕರೆಂಟ್" (Current) ಅನ್ನೋದರ ಮುಂದೆ ಯಾವ ಅಂಕಿ ಇದೆ ಅಂತ ನೋಡ್ಬೇಕು, 1 ಇತ್ತು, ಅಂದ್ರೆ ಕಂಟ್ರೋಲ್‌ಸೆಟ್001. ಅದ್ರಲ್ಲಿ ಕಂಟ್ರೋಲ್, ಕ್ಲಾಸ್, ಆಮೇಲೆ 4ಡಿ36ಇ967 ಅಂತ ಶುರುವಾಗೋ ಉದ್ದ ಹೆಸ್ರು. ಅದು ಡಿಸ್ಕ್‌ಗಳದ್ದು. ಆ 967 ಬದ್ಲು 965 ಆದ್ರೆ ಸಿಡಿ ಡ್ರೈವು, ಕಣ್ಣು ತಪ್ಪೋದು ಸುಲಭ.

6. ಅಪ್ಪರ್‌ಫಿಲ್ಟರ್ಸ್ ತೆಗ್ದ್ರೆ ಎರಡು ಸಾಲು. ಒಂದು ಪಾರ್ಟ್‌ಎಂಜಿಆರ್, ಇನ್ನೊಂದು ನಮ್ಮ ವಾಚ್‌ಮನ್. ಎರಡನೇ ಸಾಲು ಮಾತ್ರ ಅಳಿಸ್ದೆ.

ಇಲ್ಲಿ ಸ್ವಲ್ಪ ನಿಂತು ಹೇಳ್ಬೇಕು. "ಅಪ್ಪರ್‌ಫಿಲ್ಟರ್ಸ್ ಡಿಲೀಟ್ ಮಾಡಿ" ಅಂತ ಎಲ್ಲಾ ಕಡೆ ಸಲಹೆ ಸಿಗತ್ತೆ, ಅದು ಸಿಡಿ ಡ್ರೈವ್ ಕಾಣದೇ ಇದ್ದಾಗ ಹೇಳೋದು, ಅಲ್ಲಿ ಪೂರ್ತಿ ಅಳಿಸಿದ್ರೂ ನಡೆಯತ್ತೆ. ಡಿಸ್ಕ್ ಕೀಯಲ್ಲಿ ಹಂಗ್ ಮಾಡಿದ್ರೆ ಪಾರ್ಟ್‌ಎಂಜಿಆರ್ ಹೋಗತ್ತೆ, ಅದು ವಿಂಡೋಸಿನ ಸ್ವಂತ ಪಾರ್ಟಿಶನ್ ಮ್ಯಾನೇಜರು, ಅದಿಲ್ಲ ಅಂದ್ರೆ ಮತ್ತೆ ಅದೇ 7ಬಿ. ನನ್ನ ಬೆರಳು ಡಿಲೀಟ್ ಕೀ ಮೇಲೇ ಇತ್ತು, ಹಿಂದಿನ ರಾತ್ರಿಯ ಹೆದರಿಕೆ ಇದ್ದಿದ್ದಕ್ಕೆ ಎರಡು ಸಲ ಓದ್ದೆ.

7. ಅನ್‌ಲೋಡ್ ಹೈವ್, ಕಿಟಕಿ ಮುಚ್ಚು, ಪೆನ್‌ಡ್ರೈವ್ ತೆಗಿ, ಬೂಟ್.

ಮಧ್ಯಾಹ್ನ 2:50ಕ್ಕೆ ಲಾಗಿನ್ ಪರದೆ ಬಂತು. ವಾಲ್‌ಪೇಪರಲ್ಲಿ ಮಾವನ ಮೊಮ್ಮಗಳು.

ಮಿಕ್ಕ ಕಸ

ವಿಂಡೋಸ್ ಜೊತೆ ತಾನಾಗೇ ಶುರುವಾಗೋದನ್ನೆಲ್ಲ ತೋರ್ಸೋ ಆಟೋರನ್ಸ್ ತೆಗ್ದು ಡ್ರೈವರ್ಸ್ ಟ್ಯಾಬ್ ನೋಡ್ದೆ. ಫೈಲ್ ಇಲ್ದೇ ಬರೀ ಹೆಸ್ರು ಉಳಿದಿರೋದು ಹಳದಿ ಬಣ್ಣದಲ್ಲಿ ಬರತ್ತೆ, ನಾಲ್ಕು ಇತ್ತು. ಈ ಸಲ ಡಿಲೀಟ್ ಬದ್ಲು ಮೊದ್ಲು ಟಿಕ್ ತೆಗ್ದು ರೀಸ್ಟಾರ್ಟ್ ಮಾಡಿ ನೋಡ್ದೆ, ಏನೂ ತೊಂದ್ರೆ ಇಲ್ಲ ಅಂದ್ಮೇಲೆ ತೆಗ್ದೆ.

ಎಫ್‌ಎಲ್‌ಟಿಎಂಸಿಲಿ ಕಂಡಿದ್ದ ಆ ಎರಡನೇ ಡ್ರೈವರ್ ಅಳಿಸೋಕೆ ಎಸ್‌ಸಿ ಡಿಲೀಟ್ ಅಂತ ಕೊಟ್ಟೆ, ಏನೂ ಎರರ್ ಬರ್ಲಿಲ್ಲ, ಖುಷಿ ಆದೆ. ರೀಸ್ಟಾರ್ಟ್ ಮಾಡಿದ್ರೆ ಡ್ರೈವರ್ ಅಲ್ಲೇ ಇದೆ. ಮತ್ತೆ ಕೊಟ್ಟೆ, ಮತ್ತೆ ಅಲ್ಲೇ. ಕೊನೆಗೆ ನೋಡಿದ್ರೆ ನಾನಿದ್ದ ಫೋಲ್ಡರಲ್ಲಿ "ಡಿಲೀಟ್" ಅನ್ನೋ ಹೆಸ್ರಿನ ಒಂದು ಫೈಲು ಕೂತಿದೆ, ತೆಗ್ದ್ರೆ ಒಳಗೆ ಡ್ರೈವರ್ ಹೆಸ್ರು ಬರ್ದಿದೆ! ನಾನು ತೆಗ್ದಿದ್ದು ಪವರ್‌ಶೆಲ್ಲು. ಅದ್ರಲ್ಲಿ ಎಸ್‌ಸಿ ಅಂದ್ರೆ ಬೇರೆ ಕಮಾಂಡು, ಫೈಲಿಗೆ ಬರೆಯೋದು. ಮಾಮೂಲಿ ಕಮಾಂಡ್ ಪ್ರಾಂಪ್ಟಲ್ಲಿ ಕೊಟ್ಟೆ, "ಸಕ್ಸೆಸ್" ಅಂತು. ರೀಸ್ಟಾರ್ಟ್ ಆದ್ಮೇಲೆ ಎಫ್‌ಎಲ್‌ಟಿಎಂಸಿ ಪಟ್ಟೀಲಿ 328010 ಒಂದೇ ಉಳೀತು ಆ ಸಾಲಲ್ಲಿ. ಆಮೇಲೆ ಆ ಡ್ರೈವರ್ ಫೈಲಿನ ಹೆಸ್ರು ಬದಲಾಯ್ಸಿಟ್ಟೆ. ಡಿಲೀಟ್ ಮಾಡಿಲ್ಲ.

ಡಿವಿಡಿ ಡ್ರೈವ್ ಮೇಲೆ ಹಳದಿ ಗುರುತು, ಕೋಡ್ 39 ಇತ್ತು, ವರ್ಚುವಲ್ ಸಿಡಿ ಸಾಫ್ಟ್‌ವೇರ್ ಬಿಟ್ಟುಹೋಗಿದ್ದು. ಅದೂ ಅದೇ ಕಥೆ, ಆ 965ರ ಕೀ. ಐದು ನಿಮಿಷದಲ್ಲಿ ಮುಗೀತು.

ಫಾಸ್ಟ್ ಸ್ಟಾರ್ಟಪ್ ಆಫ್. ಸಿಸ್ಟಮ್ ರಿಸ್ಟೋರ್ ಆನ್, ಸಿ ಡ್ರೈವಿಗೆ 10 ಜಿಬಿ. ಬೆಳಗ್ಗೆ ಬೂಟ್ ಆಗೋಕೆ ಈಗ ಎಂಟು ಹತ್ತು ಸೆಕೆಂಡ್ ಜಾಸ್ತಿ ಹಿಡಿಯತ್ತೆ, ಮಾವ ಎರಡು ಸಲ ಗೊಣಗಿದ್ರು.

ಅಕ್ಟೋಬರ್ 28, ಸೋಮವಾರ

ಆಫೀಸಿಗೆ ರಜ ಹಾಕಿ ಅಂಗಡೀಲೇ ಕೂತೆ. ಹುಡುಗನ ಕೈಗೆ ಬಿಲ್ ಪುಸ್ತಕ ಕೊಟ್ಟು ಪೆನ್‌ಡ್ರೈವ್ ಬಂದಾಗೆಲ್ಲ ಒಂದು ಗೆರೆ ಎಳಿ ಅಂದೆ. ಸಂಜೆ ಹೊತ್ತಿಗೆ 31 ಗೆರೆ, ಮಧ್ಯೆ ಮಧ್ಯೆ ಅವನೇ ಬೇಕಂತ ಚುಚ್ಚಿ ಎಳ್ದಿದ್ದು ಬೇರೆ. ಒಂದು ಸಲಾನೂ ಬೀಳ್ಲಿಲ್ಲ. ಒಂದು ಪೆನ್‌ಡ್ರೈವಲ್ಲಿ ವೈರಸ್ ಇತ್ತು, ಡಿಫೆಂಡರ್ ಹಿಡೀತು.

ಖರ್ಚು: ಎಸ್‌ಎಂಪಿಎಸ್ 1,250, ರ್‍ಯಾಮ್ 550, ಪೆನ್‌ಡ್ರೈವ್ 380. ಟ್ರೇನ್ ಚಾರ್ಜು, ಅಂಗಡಿಗಾದ ನಷ್ಟ ಲೆಕ್ಕ ಹಾಕಿಲ್ಲ. ಹಳೇ ಎಸ್‌ಎಂಪಿಎಸ್ ಚೆನ್ನಾಗೇ ಇದೆ, ಅಟ್ಟದ ಮೇಲಿದೆ. ರ್‍ಯಾಮ್ ನನ್ನ ಬ್ಯಾಗಲ್ಲೇ ಬೆಂಗಳೂರಿಗೆ ವಾಪಸ್ ಬಂತು, ಕವರ್ ಕೂಡ ಬಿಚ್ಚಿಲ್ಲ.

ನವೆಂಬರ್ 10

ಎರಡು ವಾರ ಆಯ್ತು, ಬ್ಲೂ ಸ್ಕ್ರೀನ್ ಇಲ್ಲ. ನಿನ್ನೆ ಫೋನಲ್ಲಿ ಮಾವ "ಯುಪಿಎಸ್ಸಿಗೆ ಬ್ಯಾಟರಿ ಹಾಕ್ಸಿದೆ ಕಣೋ, ಇನ್ನು ಆ ತೊಂದ್ರೆ ಬರಲ್ಲ" ಅಂದ್ರು. ಫಿಲ್ಟರು, ರಿಜಿಸ್ಟ್ರಿ ಅಂತ ನಾನು ಎಷ್ಟು ಹೇಳಿದ್ರೂ ಅವ್ರ ಲೆಕ್ಕದಲ್ಲಿ ಅದು ಕರೆಂಟಿಂದಾನೇ ಆಗಿದ್ದು. ಬ್ಯಾಟರಿ ಹೆಂಗೂ ಬೇಕಿತ್ತು, ನಾನೂ "ಹೂಂ ಮಾವ" ಅಂದೆ.